ಹಳೆಯ ಸ್ಪೋರ್ಟ್ಸ್ ಕಾರಿನ ಬ್ಯಾಟರಿ ಕೆಲವು ದಿನ ಮಾತ್ರ ಚಾರ್ಜ್ ಆಗುತ್ತಿದ್ದರೆ ದೋಷವನ್ನು ಎಲ್ಲಿ ಹುಡುಕಬೇಕು?

ಕಾರವಾರದಲ್ಲಿ ಇಟ್ಟುಕೊಂಡಿರುವ ನಿಮ್ಮ ಹಳೆಯ ಸ್ಯಾನ್ ಸ್ಟಾರ್ಮ್ ಸ್ಪೋರ್ಟ್ಸ್ ಕಾರು ಕೆಲವು ದಿನ ಚೆನ್ನಾಗಿ ಓಡುತ್ತದೆ, ಕೆಲವು ದಿನ ದಾರಿಯಲ್ಲಿ ಬ್ಯಾಟರಿಯ ಕೆಂಪು ದೀಪ ಮಂಕಾಗಿ ಹೊತ್ತಿಕೊಳ್ಳುತ್ತದೆ ಮತ್ತು ಮರುದಿನ ಬೆಳಿಗ್ಗೆ ಸೆಲ್ಫ್ ಎಳೆಯುವುದಿಲ್ಲ ಎಂದು ಬರೆದಿದ್ದೀರಿ. ಬ್ಯಾಟರಿ ಬದಲಿಸಿದರೂ ಗುಣವಾಗಿಲ್ಲ, ಗ್ಯಾರೇಜಿಗೆ ಒಯ್ದಾಗ ಮಾತ್ರ ಎಲ್ಲವೂ ಸರಿಯಿರುತ್ತದೆ, ಆದ್ದರಿಂದ ಹೊಸ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಯಂತ್ರ) ಹಾಕಿಸಬೇಕೇ ಎಂಬುದು ನಿಮ್ಮ ಪ್ರಶ್ನೆ. ಈಗಲೇ ಬೇಡ ಎಂಬುದು ನನ್ನ ಉತ್ತರ. ಬಂದು ಹೋಗುವ ದೋಷವನ್ನು ಅದು ಬಂದಿರುವ ಹೊತ್ತಿನಲ್ಲಿಯೇ ಅಳೆಯಬೇಕು. ಹಾಗೆ ಅಳೆಯದೆ ಒಂದೊಂದೇ ಬಿಡಿಭಾಗ ಬದಲಿಸುತ್ತ ಹೋದರೆ ಹಣ ಖರ್ಚಾಗುತ್ತದೆಯೇ ಹೊರತು ಕಾರಣ ಸಿಗುವುದಿಲ್ಲ.

ನಾನು ಶಿರಸಿಯಲ್ಲಿ ವಾಹನಗಳ ವಯರಿಂಗ್ ಕೆಲಸ ಮಾಡುತ್ತೇನೆ. ಕರಾವಳಿಯಿಂದ ಘಟ್ಟ ಹತ್ತಿ ಬರುವ ಹಳೆಯ ಕಾರುಗಳಲ್ಲಿ ಆಲ್ಟರ್ನೇಟರ್ ಕೆಟ್ಟಿರುವುದಕ್ಕಿಂತ ಹೆಚ್ಚಾಗಿ ಅದರ ಆಚೀಚೆಯ ಜೋಡಣೆಗಳು ಕೆಟ್ಟಿರುವುದನ್ನೇ ನೋಡಿದ್ದೇನೆ. ಉಪ್ಪುಗಾಳಿಯ ಪಸೆ ವಯರಿನ ಬಾಯಿಯಿಂದ ಒಳಗೆ ಹೊಕ್ಕು, ಮೇಲಿನ ರಬ್ಬರ್ ಹೊಸದರಂತೆ ಕಾಣುತ್ತಿದ್ದರೂ ಒಳಗಿನ ತಾಮ್ರವನ್ನು ಕಪ್ಪಾಗಿಸಿ ಕಿಲುಬು ಹಿಡಿಸಿರುತ್ತದೆ. ನಿಮ್ಮ ಕಾರಿನ ವಿಷಯದಲ್ಲಿ ಇನ್ನೊಂದು ಮುಖ್ಯ ಸಂಗತಿಯಿದೆ. ಅದರ ಮೈ ಫೈಬರ್‌ಗ್ಲಾಸಿನದು, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ತಗಡಿನ ಕಾರಿನಲ್ಲಿ ಒಂದು ಅರ್ತ್, ಅಂದರೆ ವಿದ್ಯುತ್ತು ಬ್ಯಾಟರಿಯ ಮೈನಸ್ಸಿಗೆ ಮರಳುವ ಜೋಡಣೆ, ಸಡಿಲವಾದರೆ ಬಾಡಿಯ ಮೂಲಕ ವಿದ್ಯುತ್ತಿಗೆ ಬೇರೆ ದಾರಿ ಸಿಗುವುದುಂಟು. ಇಲ್ಲಿ ಮರಳುವ ವಿದ್ಯುತ್ತೆಲ್ಲ ಕೆಳಗಿನ ಲೋಹದ ಚೌಕಟ್ಟು ಅಥವಾ ಅರ್ತ್ ವಯರುಗಳ ಮೂಲಕವೇ ಬ್ಯಾಟರಿಗೆ ಬರಬೇಕು. ಎಂಜಿನ್ ಕೂಡ ರಬ್ಬರ್ ಮೌಂಟಿಂಗ್‌ಗಳ ಮೇಲೆ ಕುಳಿತಿರುವುದರಿಂದ ಅದಕ್ಕೂ ಒಂದು ದಪ್ಪ ಅರ್ತ್ ಪಟ್ಟಿಯೇ ಗತಿ. ಆ ಪಟ್ಟಿ ಕೆಟ್ಟಾಗ ಸೆಲ್ಫ್ ಹೊಡೆಯುವ ವಿದ್ಯುತ್ತು ಕ್ಲಚ್ ಅಥವಾ ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ಹಾದು ಆ ಕೇಬಲ್ ಬಿಸಿಯಾಗುವುದೂ ಇದೆ. ಇದನ್ನು ಮುಟ್ಟಿ ನೋಡಿದರೇ ತಿಳಿಯುತ್ತದೆ.

ಮೊದಲು ಒಂದು ಚಿಕ್ಕ ಡಿಜಿಟಲ್ ವೋಲ್ಟ್‌ಮೀಟರ್ ಕೊಂಡು ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಸಿಕ್ಕಿಸಿರಿ. ಅದು ಬ್ಯಾಟರಿಯ ಬುಡದಲ್ಲಿರುವುದಕ್ಕಿಂತ ಸ್ವಲ್ಪ ಕಡಿಮೆ ತೋರಿಸಬಹುದು, ಆದರೆ ನಮಗೆ ಬೇಕಾದುದು ಏರಿಳಿತ. ರಾತ್ರಿಯಿಡೀ ನಿಂತ, ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ಇರಬೇಕು. 12.2 ಎಂದರೆ ಅರ್ಧ ಖಾಲಿಯಾಗಿದೆ ಎಂದರ್ಥ. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರುವುದು ಸರಿಯಾದ ಚಾರ್ಜಿಂಗ್. ಅರಬೈಲ್ ಘಟ್ಟ ಹತ್ತಿ ಎಂಜಿನ್ ಕೋಣೆ ಬಿಸಿಯಾದ ಮೇಲೆ 13.6ಕ್ಕೆ ಇಳಿದರೆ ಗಾಬರಿಯಾಗಬೇಡಿ, ಬಿಸಿಯಾದಂತೆ ರೆಗ್ಯುಲೇಟರ್ (ಆಲ್ಟರ್ನೇಟರಿನ ವೋಲ್ಟೇಜನ್ನು ಹಿಡಿತದಲ್ಲಿಡುವ ಭಾಗ) ವೋಲ್ಟೇಜನ್ನು ತಾನಾಗಿಯೇ ತಗ್ಗಿಸುತ್ತದೆ. ಓಡುವಾಗಲೂ 12.6ಕ್ಕಿಂತ ಕೆಳಗೆ ಇಳಿಯಿತೆಂದರೆ ಆ ಗಳಿಗೆಯಲ್ಲಿ ಚಾರ್ಜ್ ಆಗುತ್ತಿಲ್ಲ. 15 ದಾಟಿತೆಂದರೆ ರೆಗ್ಯುಲೇಟರ್ ಹಿಡಿತ ತಪ್ಪಿದೆ, ಹಾಗೆಯೇ ಓಡಿಸಿದರೆ ಹೊಸ ಬ್ಯಾಟರಿಯೂ ಬೆಂದು ಹೋಗುತ್ತದೆ.

ಅಂಕಿ ಇಳಿದಾಗ ಏನು ನಡೆಯುತ್ತಿತ್ತು ಎಂಬುದನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ರೋಗದ ಮುಕ್ಕಾಲು ಪಾಲು ಅಲ್ಲಿಯೇ ತಿಳಿಯುತ್ತದೆ. ಹೆದ್ದಾರಿ 66ರ ಹೊಂಡಗಳಲ್ಲಿ ಕುಲುಕಿದಾಗ ಇಳಿದರೆ ಸಡಿಲ ಜೋಡಣೆ ಅಥವಾ ಸವೆದ ಕಾರ್ಬನ್ ಬ್ರಷ್ (ಆಲ್ಟರ್ನೇಟರಿನೊಳಗೆ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ತುಂಡು). ಒಂದು ಗಂಟೆ ಓಡಿದ ಮೇಲೆ, ಬಿಸಿಯಲ್ಲಿ ಮಾತ್ರ ಇಳಿದರೆ ಬ್ರಷ್, ರೆಗ್ಯುಲೇಟರ್ ಅಥವಾ ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಭಾಗ). ಮಳೆಯ ನೀರು ಸಿಡಿದಾಗ ಕಿರುಚುವ ಶಬ್ದದೊಂದಿಗೆ ಇಳಿದರೆ ಬೆಲ್ಟ್ ಜಾರುತ್ತಿದೆ. ಸ್ಟಾರ್ಟ್ ಆದ ಮೇಲೆ ಒಮ್ಮೆ ಜೋರಾಗಿ ಆಕ್ಸಿಲರೇಟರ್ ಒತ್ತುವ ತನಕ ಚಾರ್ಜಿಂಗ್ ಪ್ರಾರಂಭವೇ ಆಗದಿದ್ದರೆ, ಕೆಂಪು ದೀಪದಿಂದ ಆಲ್ಟರ್ನೇಟರಿಗೆ ಹೋಗುವ ಸಣ್ಣ ವಯರನ್ನು ಶಂಕಿಸಬೇಕು.

ಆ ದೀಪದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಆ ಕಾಲದ ಹೆಚ್ಚಿನ ಆಲ್ಟರ್ನೇಟರ್‌ಗಳಿಗೆ ಮೊದಲ ಚೇತನ ಕೊಡುವ ವಿದ್ಯುತ್ತು ಆ ಬಲ್ಬಿನ ಮೂಲಕವೇ ಹೋಗುತ್ತದೆ. ಆದ್ದರಿಂದ ಕೀ ತಿರುಗಿಸಿ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಅದು ಪೂರ್ತಿ ಬೆಳಗಲೇಬೇಕು. ಬೆಳಗದಿದ್ದರೆ ಬಲ್ಬ್ ಸುಟ್ಟಿದೆ ಅಥವಾ ವಯರ್ ತುಂಡಾಗಿದೆ. ಬಲ್ಬಿನ ಒಂದು ಬದಿಗೆ ಕೀಯ ಮೂಲಕ ಬ್ಯಾಟರಿಯ ವೋಲ್ಟೇಜ್, ಇನ್ನೊಂದು ಬದಿಗೆ ಆಲ್ಟರ್ನೇಟರಿನ ವೋಲ್ಟೇಜ್ ಬರುತ್ತದೆ, ಎರಡೂ ಸಮವಾದಾಗ ದೀಪ ಆರುತ್ತದೆ. ನೀವು ಹೇಳಿದಂತೆ ಮಂಕಾಗಿ ಉರಿಯುತ್ತಿದೆ ಎಂದರೆ ಎರಡು ಬದಿಗಳ ನಡುವೆ ಒಂದಿಷ್ಟು ವ್ಯತ್ಯಾಸ ಉಳಿದಿದೆ. ಒಂದೋ ಡಯೋಡ್ ದುರ್ಬಲವಾಗಿದೆ, ಇಲ್ಲವೇ ನಡುವಿನ ಯಾವುದೋ ಜೋಡಣೆಯಲ್ಲಿ ವೋಲ್ಟೇಜ್ ಸೋರಿಹೋಗುತ್ತಿದೆ.

ಎರಡನೆಯದನ್ನು ಮೊದಲು ಪರೀಕ್ಷಿಸಿ. ಎಂಜಿನನ್ನು ಸುಮಾರು 2000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಇರಿಸಿ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ದಪ್ಪ ವಯರಿನ ಬೋಲ್ಟಿಗೂ ಇನ್ನೊಂದನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೂ ಹಿಡಿಯಿರಿ. 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲಿ ಅಡಚಣೆಯಿದೆ. ಹಾಗೆಯೇ ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಮೈನಸ್ ಕಂಬಕ್ಕೂ ಹಿಡಿದಾಗ 0.2 ದಾಟಬಾರದು. ನಿಮ್ಮ ಕಾರಿನಲ್ಲಿ ನನ್ನ ಸಂಶಯ ಹೆಚ್ಚಾಗಿ ಈ ಮೈನಸ್ ದಾರಿಯ ಮೇಲೆಯೇ ಇದೆ. ಲೋಡ್ ಹಾಕದೆ, ಅಂದರೆ ಹೆಡ್‌ಲೈಟ್ ಮತ್ತು ಬ್ಲೋವರ್ ಆರಿಸಿಟ್ಟು, ಇದನ್ನು ಅಳೆಯಬೇಡಿ. ತೋಟದ ಪೈಪಿನೊಳಗೆ ಕಸ ಕಟ್ಟಿಕೊಂಡಿದ್ದರೂ ನಲ್ಲಿ ಮುಚ್ಚಿರುವಾಗ ಒತ್ತಡ ಪೂರ್ತಿಯೇ ಇರುವ ಹಾಗೆ, ಕಿಲುಬು ಹಿಡಿದ ವಯರು ಕೂಡ ವಿದ್ಯುತ್ ಹರಿಯದಿರುವಾಗ ನಿರ್ದೋಷಿಯಂತೆ ಕಾಣುತ್ತದೆ. ಗ್ಯಾರೇಜಿನಲ್ಲಿ ಪ್ರತಿ ಸಲವೂ ಸರಿಯಿದೆ ಎನ್ನಲು ಇದೂ ಒಂದು ಕಾರಣವಾಗಿರಬಹುದು. ಮೀಟರ್ ಹಾಗೆಯೇ ಇರುವಾಗ ಬೆಲ್ಟಿನಿಂದ ಕೈ ದೂರವಿಟ್ಟುಕೊಂಡು ಒಂದೊಂದೇ ವಯರನ್ನು ಅಲುಗಾಡಿಸಿ ನೋಡಿ, ಅಂಕಿ ಜಿಗಿದ ಜಾಗವೇ ದೋಷದ ಜಾಗ.

ಜೋಡಣೆಗಳನ್ನು ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ತೆಗೆದಿಡಿ. ಅರ್ತ್ ಬೋಲ್ಟುಗಳನ್ನು ಪಾಲಿಶ್ ಪೇಪರಿನಿಂದ ಹೊಳೆಯುವ ತನಕ ಉಜ್ಜಿ, ಬಿಗಿದ ಮೇಲೆ ವ್ಯಾಸಲೀನ್ ಹಚ್ಚಿರಿ. ಕಪ್ಪಾದ ವಯರನ್ನು ಉಜ್ಜಿ ಉಳಿಸಲು ಹೋಗದೆ ಹೊಸದನ್ನೇ ಹಾಕಿಸಿ.

ಇಷ್ಟಾದರೂ ದೀಪ ಮಂಕಾಗಿ ಉರಿದರೆ ಆಲ್ಟರ್ನೇಟರನ್ನು ಬಿಚ್ಚಿಸಿ ರೀವೈಂಡಿಂಗ್ ಅಂಗಡಿಗೆ ಕೊಡಿ. ಬ್ರಷ್, ರೆಗ್ಯುಲೇಟರ್, ಡಯೋಡ್ ಪ್ಲೇಟುಗಳನ್ನು ಬೇರೆ ಬೇರೆಯಾಗಿ ಬದಲಿಸಲು ಸಾಧ್ಯವಿದ್ದರೆ ಇಡೀ ಯಂತ್ರ ಕೊಳ್ಳುವ ಅಗತ್ಯವಿಲ್ಲ. ಬ್ರಷ್ ಉಜ್ಜುತ್ತ ಓಡುವ ತಾಮ್ರದ ಬಳೆಯ, ಅಂದರೆ ಸ್ಲಿಪ್ ರಿಂಗಿನ, ಮೇಲಿನ ಕಿಲುಬನ್ನೂ ತೆಗೆಯುವಂತೆ ಹೇಳಿ. ಸೋರುವ ಡಯೋಡ್ ಕಾರು ನಿಂತಾಗಲೂ ಬ್ಯಾಟರಿಯನ್ನು ಹೀರುತ್ತಿರುತ್ತದೆ. ಎಲ್ಲವನ್ನೂ ಆರಿಸಿ ಅರ್ಧ ಗಂಟೆ ಬಿಟ್ಟು ಬ್ಯಾಟರಿಯ ಮೈನಸ್ ಕಂಬಕ್ಕೂ ಅದರಿಂದ ಕಳಚಿದ ವಯರಿಗೂ ನಡುವೆ ಆಂಪಿಯರ್ ಅಳೆದರೆ ಸುಮಾರು 50 ಮಿಲಿಆಂಪಿಯರಿನೊಳಗೆ ಇರಬೇಕು. ಅರ್ಧ ಆಂಪಿಯರ್ ಇದ್ದರೆ 35 ಆಂಪಿಯರ್-ಅವರ್ ಬ್ಯಾಟರಿ ಮೂರು ದಿನದೊಳಗೆ ಬರಿದಾಗುತ್ತದೆ.

ಕೊನೆಯದಾಗಿ, ಚಾರ್ಜ್ ಆಗುತ್ತಿದೆಯೇ ಎಂದು ನೋಡಲು ಓಡುವ ಎಂಜಿನಿನಲ್ಲಿ ಬ್ಯಾಟರಿಯ ಟರ್ಮಿನಲ್ ಕಳಚಲು ಯಾರಿಗೂ ಬಿಡಬೇಡಿ. ಆಗ ಒಮ್ಮೆಲೇ ಏರುವ ವೋಲ್ಟೇಜ್ ಡಯೋಡುಗಳನ್ನೂ, ಎಂಜಿನಿನ ಇಸಿಯುವನ್ನೂ (ಎಂಜಿನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸುಡಬಲ್ಲದು. ಹಳೆಯ ಆಲ್ಟರ್ನೇಟರನ್ನು ರಿಪೇರಿ ಮಾಡಬಹುದು, ಆದರೆ ಈ ಕಾರಿನ ಇಸಿಯು ಈಗ ಹುಡುಕಿದರೂ ಸುಲಭವಾಗಿ ಸಿಗುವ ವಸ್ತುವಲ್ಲ.