ಮಂಡಕ್ಕಿ ನಿಲ್ಲಿಸಬೇಡಿ, ನವಣೆಯನ್ನೂ ತನ್ನಿ
ಅಕ್ಕಾ, ಮಕ್ಕಳು ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ಬಿಟ್ಟು ಬೇರೇನೂ ಮುಟ್ಟಲ್ಲ, ಹತ್ತು ಗಂಟೆಗೇ ಹಸಿವು ಅಂತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ದಾವಣಗೆರೆ ಮಕ್ಕಳಿಗೆ ಮಂಡಕ್ಕಿ ಬಿಡಿಸೋದು ಬೇಡ. ಅದು ಬರೀ ಉಬ್ಬಿದ ಅಕ್ಕಿ, ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲಲ್ಲ. ಅದಕ್ಕೇ ಹುರಿದ ಶೇಂಗಾ, ಪುಟಾಣಿ ಹಿಟ್ಟು ಧಾರಾಳವಾಗಿ ಹಾಕಿ. ಚಿಕ್ಕವರು ಐದರೊಳಗಿದ್ದರೆ ಶೇಂಗಾ ಪುಡಿ ಮಾಡಿಯೇ ಹಾಕಿ, ಗಂಟಲಿಗೆ ಸಿಕ್ಕಬಾರದು.

ವಾರಕ್ಕೆರಡು ದಿನ ನವಣೆ ಉಪ್ಪಿಟ್ಟು ಮಾಡಿ ನೋಡಿ. ಹೊಸದುರ್ಗದ ಕಡೆ ಬೆಳೆಯೋ ಧಾನ್ಯ, ನಮ್ಮದೇ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು, 1 ಲೋಟಕ್ಕೆ 2 ಲೋಟ ಕುದಿಯೋ ನೀರು ಹಾಕಿ ಸಣ್ಣ ಉರಿಯಲ್ಲಿ ಮುಚ್ಚಿಡಿ. ಬೀನ್ಸ್, ಕ್ಯಾರೆಟ್ ಸೇರಲಿ, ಮೇಲೆ ಒಂದು ಚಮಚ ತುಪ್ಪ. ಬೆಣ್ಣೆ ದೋಸೆ ಭಾನುವಾರಕ್ಕಿರಲಿ.