ಮಧುಗಿರಿಯ ತಂಗಿಗೆ, ಬರ್ಲಿನ್‌ನಿಂದ

ಪೆರೋವ್‌ಸ್ಕೈಟ್ ಎಂಬ ಹೊಸ ಬಗೆಯ ಹರಳಿನಿಂದ ಮಾಡುವ ಸೋಲಾರ್ ಸೆಲ್ ಮೇಲೆ ಪಿಎಚ್‌ಡಿ ಮಾಡಲು ಬರ್ಲಿನ್‌ಗೆ ಬರುತ್ತಿದ್ದೀಯ. ಚಳಿ ಹೇಗಿದೆ, ಊಟಕ್ಕೇನು ಮಾಡೋದು, ದಕ್ಷತೆ (ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ವಿದ್ಯುತ್ ಆಗುತ್ತದೆ ಅನ್ನೋದು) ಹೆಚ್ಚಿಸುವ ಕೆಲಸ ಹಿಡಿಯಲಾ, ಬಾಳಿಕೆ ಹೆಚ್ಚಿಸುವ ಕೆಲಸ ಹಿಡಿಯಲಾ ಎಂದು ಕೇಳಿದ್ದೀಯ. ಮಧುಗಿರಿ ಹೆಸರು ನೋಡಿಯೇ ಖುಷಿಯಾಯಿತು. ನಾನು ಪಾವಗಡದ ಕಡೆಯವನು.

ಜಾಕೆಟ್ ಇಲ್ಲೇ ಕೊಳ್ಳು. ರಾಗಿ ಹಿಟ್ಟು, ಚಟ್ನಿಪುಡಿ ತಾ. ಅಮ್ಮ ತುಪ್ಪ ಕಟ್ಟಿಕೊಟ್ಟರೆ ಬೇಡ ಅನ್ನು, ಹಾಲಿನ ಪದಾರ್ಥ ಕಸ್ಟಮ್ಸ್‌ನಲ್ಲಿ ಬಿಡುವುದಿಲ್ಲ. ರೂಮು ಈಗಿನಿಂದಲೇ ಹುಡುಕು.

ಕೆಲಸ ಮಾತ್ರ ಬಾಳಿಕೆಯದ್ದೇ ಹಿಡಿ.

2009ರಲ್ಲಿ ಜಪಾನಿನ ಮಿಯಾಸಾಕ ಅವರ ತಂಡ ಈ ಸೆಲ್‌ನಲ್ಲಿ ತೋರಿಸಿದ ದಕ್ಷತೆ ಬರೀ ಶೇ 3.8. ಈಗ ಶೇ 26 ದಾಟಿದೆ. ಸಿಲಿಕಾನ್ ಮೇಲೆ ಕೂರಿಸಿದ ಜೋಡಿ ಸೆಲ್ ಶೇ 34 ದಾಟಿದೆ. ನಾನು ಬಂದ ಹೊಸದರಲ್ಲಿ ಲ್ಯಾಬ್ ತುಂಬಾ ಇದೇ ಮಾತು. ಹೊರಗಿನ ಗಾಳಿ ತಾಗದಂತೆ ನೈಟ್ರೋಜನ್ ತುಂಬಿದ ಪೆಟ್ಟಿಗೆಯಲ್ಲಿ (ಗ್ಲವ್‌ಬಾಕ್ಸ್) ಸೆಲ್ ಮಾಡಿ, 25 ಡಿಗ್ರಿಯಲ್ಲಿ ಅಳೆಯುತ್ತಿದ್ದೆವು. ನಮ್ಮ ಕಡೆ ಬೇಸಿಗೆಯಲ್ಲಿ ಪ್ಯಾನೆಲ್ 60 ಡಿಗ್ರಿ ದಾಟುತ್ತದೆ, ಅಲ್ವಾ?

ಮೀಥೈಲ್ ಅಮೋನಿಯಂ ಎಂಬ ಸಾವಯವ ಅಂಶ ಇರುವ ಪೆರೋವ್‌ಸ್ಕೈಟ್ ಪದರ ಆ ಕಾವಿಗೆ ಒಡೆಯುತ್ತಾ ಹೋಗುತ್ತದೆ. ತೇವ ಒಳಗೆ ಬಂದರೆ ಪದರ ಹಾಳಾಗಿ ಹಳದಿ ಲೆಡ್ ಅಯೊಡೈಡ್ ಉಳಿಯುತ್ತದೆ. ಅದಕ್ಕೇ ಈಗ ಅದರ ಬದಲು ಕಾವು ಹೆಚ್ಚು ತಡೆಯುವ ಫಾರ್ಮಮಿಡಿನಿಯಂ, ಜೊತೆಗೆ ಸ್ವಲ್ಪ ಸೀಸಿಯಂ ಬಳಸುತ್ತಾರೆ. ಬೆಳಕು ಬಿದ್ದಾಗ ಅಯಾನುಗಳು (ವಿದ್ಯುದಾವೇಶ ಇರುವ ಕಣಗಳು) ಒಳಗೇ ಸರಿದಾಡುವುದು ಇನ್ನೂ ದೊಡ್ಡ ತಲೆನೋವು. ಹರಳಿನ ಅಂಚಿನ ದೋಷಗಳನ್ನು ಮುಚ್ಚಿದರೆ ಆ ಓಡಾಟ ಕಡಿಮೆಯಾಗುತ್ತದೆ, ದಕ್ಷತೆಯೂ ಏರುತ್ತದೆ. ಹಾಗಾಗಿ ಬಾಳಿಕೆ ಹಿಡಿದವರಿಗೆ ದಕ್ಷತೆ ಕೈತಪ್ಪುವುದಿಲ್ಲ. ಎರಡು ಗಾಜಿನ ನಡುವೆ ಇಟ್ಟು ಅಂಚಿಗೆ ಬ್ಯುಟೈಲ್ ರಬ್ಬರಿನ ಸೀಲ್ ಹಾಕುವುದನ್ನು ಚೆನ್ನಾಗಿ ಕಲಿ. ಒಳಗಿರುವ ಸೀಸ (ಲೆಡ್) ಹೊಲದ ಮಣ್ಣಿಗೆ ಸೇರಬಾರದು.

85 ಡಿಗ್ರಿ, ಶೇ 85 ತೇವ, 1000 ಗಂಟೆಯ ಪರೀಕ್ಷೆ ಪಾಸಾದರೂ ಸಾಲದು. ಅದನ್ನು ಕತ್ತಲಲ್ಲಿ ಮಾಡುತ್ತಾರೆ. ಹಗಲು ಬಿಸಿಲು, ರಾತ್ರಿ ಕತ್ತಲೆ, ಮತ್ತೆ ಬಿಸಿಲು, ಇದನ್ನು ಸೆಲ್ ತಡೆಯಬೇಕು.

ಪಾವಗಡದ 2050 ಮೆಗಾವ್ಯಾಟ್ ಸೋಲಾರ್ ಪಾರ್ಕಿಗೆ ನಮ್ಮ ಹೊಲವನ್ನೂ ಗುತ್ತಿಗೆಗೆ ಕೊಟ್ಟಿದ್ದೇವೆ. ಅಪ್ಪ ಫೋನಿನಲ್ಲಿ ಒಂದೇ ಕೇಳುತ್ತಿದ್ದರು, "ನಿನ್ನ ಪ್ಯಾನೆಲ್ ಇಲ್ಲಿ 25 ವರ್ಷ ಬರುತ್ತೇನಪ್ಪ?" ಈಗಿನ ಸಿಲಿಕಾನ್ ಬರುತ್ತದೆ. ನಮ್ಮದು ಬರುತ್ತದೆ ಎಂದು ಹೇಳುವ ಮೊದಲೇ ಅವರು ಹೋದರು. ಆ ನೋವು ಇನ್ನೂ ಇದೆ.

ಗೈಡ್‌ಗೆ ಬರೆಯುವ ಮೊದಲ ಮೇಲ್‌ನಲ್ಲೇ ಕೇಳು: ಸೆಲ್‌ಗಳನ್ನು ಹೊರಗೆ ಬಿಸಿಲಿನಲ್ಲಿಟ್ಟು ತಿಂಗಳುಗಟ್ಟಲೆ ಅಳೆಯುತ್ತೀರಾ? ನೀವು ಹೇಳುವ ಅಂಕಿ ಎಲ್ಲ ಸೆಲ್‌ಗಳ ಸರಾಸರಿಯಾ, ಅತಿ ಒಳ್ಳೆಯ ಒಂದರದ್ದಾ? ಸರಿಯಾದ ಉತ್ತರ ಬಂದರೆ, ಕೆಲವು ಸ್ಯಾಂಪಲ್ ಪಾವಗಡಕ್ಕೆ ಕಳಿಸಬಹುದಾ ಎಂದೂ ಕೇಳು. ಜಾಗ ನಾನು ಕೊಡಿಸುತ್ತೇನೆ.