ಅರ್ಧ ಪುಟ ಒಂದು ಹಾಳೆಗೆ, ಉಳಿದರ್ಧ ಇನ್ನೊಂದಕ್ಕೆ ಬರುತ್ತಿದ್ದರೆ

ಕಂಪ್ಯೂಟರಿನ ರ್‍ಯಾಮ್ ಹೆಚ್ಚಿಸಲೆಂದು ಎತ್ತಿಟ್ಟ ಹಣ ಸದ್ಯಕ್ಕೆ ಗಲ್ಲಾಪೆಟ್ಟಿಗೆಯಲ್ಲೇ ಇರಲಿ. ಹೊಸನಗರದ ನಿಮ್ಮ ಜೆರಾಕ್ಸ್ ಅಂಗಡಿಯ ಹಳೆಯ ಲೇಸರ್ ಪ್ರಿಂಟರಿನಲ್ಲಿ ಅರ್ಜಿಗಳೆಲ್ಲ ಸರಿಯಾಗಿ ಬರುತ್ತವೆ, ಫೋಟೊ ಇರುವ ಕರಪತ್ರ ಮಾತ್ರ ಎರಡು ಹಾಳೆಗೆ ಹರಿದು ಹಂಚಿಹೋಗುತ್ತದೆ ಎಂದಿದ್ದೀರಿ. ತುಂಬಿರುವುದು ಪ್ರಿಂಟರಿನ ಹೊಟ್ಟೆಯೊಳಗಿನ ಮೆಮೊರಿ, ಕಂಪ್ಯೂಟರಿನದಲ್ಲ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ನನಗೂ ಇದು ಆಗಿದೆ. ಲಗ್ನಪತ್ರಿಕೆಯ ಕರಡು ತೆಗೆದಾಗ ಗಣಪತಿ ಸೊಂಡಿಲಿನವರೆಗೆ ಒಂದು ಹಾಳೆಯಲ್ಲಿ, ಹೊಟ್ಟೆ ಮತ್ತು ಇಲಿ ಇನ್ನೊಂದರಲ್ಲಿ. ಹುಡುಗಿಯ ತಂದೆ ಎರಡನ್ನೂ ಜೋಡಿಸಿ ನೋಡಿದರು, ಏನೂ ಹೇಳಲಿಲ್ಲ. ಬೈದಿದ್ದರೇ ವಾಸಿಯಿತ್ತು.

ತೋಟದಲ್ಲಿ ಕೊನೆಗೌಡ ಮೇಲಿನಿಂದ ಹಗ್ಗದಲ್ಲಿ ಅಡಿಕೆ ಗೊನೆ ಇಳಿಬಿಡುವುದನ್ನು ನೀವು ನೋಡಿಯೇ ಇರುತ್ತೀರಿ. ಕೆಳಗಿನವನ ಕೈ ಖಾಲಿಯಿಲ್ಲದಿದ್ದರೆ ‘ತಾಳು’ ಎಂದು ಕೂಗುತ್ತಾನೆ, ಮೇಲಿನವನು ತಾಳುತ್ತಾನೆ. ಪ್ರಿಂಟರ್ ಮಾಡುವುದೂ ಇದನ್ನೇ. ಬರುವ ದತ್ತಾಂಶವನ್ನು ಮೊದಲು ಬಫರ್ ಎಂಬ ಸಣ್ಣ ಜಾಗದಲ್ಲಿ ಹಿಡಿದುಕೊಳ್ಳುತ್ತದೆ. ಅದು ತುಂಬಿದರೆ ಹಿಂದಿನ ಪ್ಯಾರಲಲ್ ಕೇಬಲ್ಲಿನಲ್ಲಿ ‘ಬಿಝಿ’ ಎಂಬ ತಂತಿಯ ಮೂಲಕ, ಈಗಿನ ಯುಎಸ್‌ಬಿಯಲ್ಲಿ ‘ಈಗ ಬೇಡ’ ಎಂಬ ಉತ್ತರದ ಮೂಲಕ ಕಂಪ್ಯೂಟರನ್ನು ತಡೆಯುತ್ತದೆ. ಪಿನ್ನುಗಳಿಂದ ಕುಟ್ಟಿ ಅಚ್ಚೊತ್ತುವ ಡಾಟ್ ಮ್ಯಾಟ್ರಿಕ್ಸ್‌ಗೆ ಇಷ್ಟು ಸಾಕು, ಏಕೆಂದರೆ ಅದರ ತಲೆ ಸಾಲಿನ ಕೊನೆಯಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲಬಲ್ಲದು.

ಲೇಸರ್ ಹಾಗಲ್ಲ. ಹಾಳೆಗೆ ಚಿತ್ರ ಒತ್ತುವ ಉರುಳೆ, ಅಂದರೆ ಡ್ರಮ್, ತಿರುಗಲು ಶುರುವಾದರೆ ಪುಟ ಮುಗಿಯುವವರೆಗೆ ಒಂದೇ ವೇಗ, ನಡುವೆ ನಿಲ್ಲುವಂತಿಲ್ಲ. ಹಾಗಾಗಿ ಪುಟದ ಚುಕ್ಕೆಗಳು ಮೊದಲೇ ಮೆಮೊರಿಯಲ್ಲಿರಬೇಕು, ಇಲ್ಲವೇ ಡ್ರಮ್ಮಿಗಿಂತ ಮುಂದೆ ಓಡುತ್ತಿರಬೇಕು. ಎ4 ಹಾಳೆಗೆ 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆಯಂತೆ, ಸುಮಾರು ಮೂರೂವರೆ ಕೋಟಿ ಚುಕ್ಕೆ ಬೇಕು. ಕಪ್ಪುಬಿಳುಪಾದರೂ 4 ಎಂಬಿ ದಾಟುತ್ತದೆ. 1200ಕ್ಕೆ ಏರಿಸಿದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು, 17 ಎಂಬಿ. ಅರ್ಜಿಯ ಪುಟದಲ್ಲಿ ಬಿಳಿ ಜಾಗವೇ ಹೆಚ್ಚು, ಕುಗ್ಗಿಸಿದರೆ ಅಂಗೈಯಷ್ಟಾಗುತ್ತದೆ. ಫೋಟೊ ಹಾಗೆ ಕುಗ್ಗುವುದಿಲ್ಲ. 1984ರ ಮೊದಲ ಎಚ್‌ಪಿ ಲೇಸರ್‌ಜೆಟ್‌ನಲ್ಲಿ ಇದ್ದದ್ದು 128 ಕೆಬಿ ಮಾತ್ರ. ಪುಟದ ತುಂಬ ಚಿತ್ರ ಅದರ ಅಳವಿಗೆ ಮೀರಿದ್ದು.

ಕನ್ನಡಕ್ಕೆ ಇದರ ಹೊರೆ ಇನ್ನೂ ಒಂದು ಕೈ ಹೆಚ್ಚು. 80 ಅಕ್ಷರದ 66 ಸಾಲಿನ ಇಂಗ್ಲಿಷ್ ಪುಟ ಡಾಟ್ ಮ್ಯಾಟ್ರಿಕ್ಸ್‌ಗೆ ಐದು ಕೆಬಿ ಚಿಲ್ಲರೆಯಲ್ಲಿ ಮುಗಿಯುತ್ತದೆ, ಅಕ್ಷರಗಳ ಆಕಾರ ಅದರೊಳಗೇ ಇರುತ್ತದೆ. ಕನ್ನಡದ್ದು ಸಾಮಾನ್ಯವಾಗಿ ಇರುವುದಿಲ್ಲವಲ್ಲ, ಹಾಗಾಗಿ ಚಿತ್ರವಾಗಿಯೇ ಕಳಿಸಬೇಕು. 24 ಪಿನ್ನಿನ ಪ್ರಿಂಟರಿಗೆ 180 ಡಿಪಿಐನಲ್ಲಿ ಅದೇ ಪುಟ 350 ಕೆಬಿ ಆಗುತ್ತದೆ. ಲೇಸರಿಗೂ ಕನ್ನಡದ ಫಾಂಟನ್ನು ಡ್ರೈವರ್, ಅಂದರೆ ಪ್ರಿಂಟರನ್ನು ನಡೆಸುವ ಕಂಪ್ಯೂಟರಿನ ತಂತ್ರಾಂಶ, ಹೊರಗಿನಿಂದಲೇ ಇಳಿಸುತ್ತದೆ, ಅದೂ ಮೆಮೊರಿ ತಿನ್ನುತ್ತದೆ. ಕರಪತ್ರದಲ್ಲಿ ಆರೇಳು ಬಗೆಯ ಅಕ್ಷರ ಹಾಕಿದ್ದೀರಾದರೆ ಮೂರಕ್ಕೆ ಇಳಿಸಿ, ನೋಟಕ್ಕೂ ಒಳ್ಳೆಯದು.

ಮೊದಲು ಡ್ರೈವರಿನಲ್ಲಿ 1200 ಇದ್ದರೆ 600 ಮಾಡಿ. ಫೋಟೊವನ್ನು ಮುದ್ರಿಸುವ ಅಳತೆಗೆ ತಂದು 300 ಡಿಪಿಐಗೆ ಇಳಿಸಿ. ನನ್ನ ಗಣಪತಿ ಇಷ್ಟರಲ್ಲೇ ಒಂದೇ ಹಾಳೆಗೆ ಬಂದ. ಆಗಲೂ ಬಗ್ಗದಿದ್ದರೆ ಪ್ರಿಂಟರಿನಿಂದಲೇ ಕಾನ್ಫಿಗರೇಶನ್ ಪುಟ ತೆಗೆದು ಎಷ್ಟು ಮೆಮೊರಿ ಇದೆ ನೋಡಿ. ಹಳೆಯ ಕಚೇರಿ ಮಾದರಿಗಳಲ್ಲಿ ಹೆಚ್ಚುವರಿ ಮೆಮೊರಿಗೆ ಸ್ಲಾಟ್ ಇರುತ್ತದೆ, ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ರ್‍ಯಾಮ್ ಹಣ ಖರ್ಚು ಮಾಡಲೇಬೇಕೆಂದಿದ್ದರೆ ಅಲ್ಲಿ ಮಾಡಿ.

ಮಳೆಗಾಲ ಬಂತಲ್ಲ, ಒಂದು ಮಾತು ಸೇರಿಸುತ್ತೇನೆ. ಕರೆಂಟ್ ಹೋದರೆ ಪ್ರಿಂಟರಿನ ಮೆಮೊರಿ ಅಳಿಸಿಹೋಗುತ್ತದೆ, ಆದರೆ ಕಂಪ್ಯೂಟರ್ ಯುಪಿಎಸ್‌ನಲ್ಲಿದ್ದರೆ ಮುದ್ರಣಕ್ಕೆಂದು ಕಾದಿಟ್ಟ ಸ್ಪೂಲ್ ಕಡತ ಹಾಗೆಯೇ ಉಳಿದಿರುತ್ತದೆ. ಕರೆಂಟ್ ಬಂದೊಡನೆ ಅರ್ಧದಿಂದ ಕಳಿಸಲು ಹೊರಟಾಗ ತಲೆಬುಡ ತಿಳಿಯದ ಪ್ರಿಂಟರ್ ಚಿತ್ರದ ದತ್ತಾಂಶವನ್ನೇ ಅಕ್ಷರವೆಂದು ಓದಿ, ಹಾಳೆಗೆ ಒಂದೊಂದು ಸಾಲು ಚಿತ್ರವಿಚಿತ್ರ ಲಿಪಿ ಕಕ್ಕುತ್ತಾ ಹೋಗಬಹುದು. ಪ್ರಿಂಟರಿನ ಸ್ವಿಚ್ ಹಾಕುವ ಮೊದಲೇ ಕಂಪ್ಯೂಟರಿನ ಸರತಿಯಲ್ಲಿರುವ ಕೆಲಸವನ್ನು ಅಳಿಸಿಬಿಡಿ.